ಔಷಧದಾನ ಸಾಲದು, ಆವಾಸದಾನವೂ ಬೇಕು

ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗೆ ನಡೆಯುವ ದಶಲಕ್ಷಣ ಪರ್ವದಲ್ಲಿ ಮುಂಬಯಿ, ಪುಣೆ, ಹೈದರಾಬಾದ್, ಚೆನ್ನೈಗಳ ಜಿನಮಂದಿರಗಳು ವರ್ಷದ ಬೇರಾವ ಕಾಲದಲ್ಲಿಯೂ ಕಾಣದಷ್ಟು ತುಂಬಿರುತ್ತವೆ. ಊರಿನಿಂದ ದೂರವಿರುವ ಕನ್ನಡ ಜೈನ ಕುಟುಂಬಗಳಿಗೆ ಅದು ವ್ರತದ ಕಾಲವೂ ಹೌದು, ಬಂಧುಬಳಗ ಒಂದೆಡೆ ಸೇರುವ ಕಾಲವೂ ಹೌದು. ಅದೇ ಹತ್ತು ದಿನಗಳಲ್ಲಿ ಕೆಲವು ಮನೆಗಳೊಳಗೆ ಇನ್ನೊಂದು ಸಂಗತಿ ಸದ್ದಿಲ್ಲದೆ ನಡೆಯುತ್ತದೆ. ಮನೋವೈದ್ಯರು ಬರೆದುಕೊಟ್ಟ ಗುಳಿಗೆಗಳ ಡಬ್ಬಿ ಕಪಾಟಿನ ಹಿಂಬದಿಗೆ ಸರಿಯುತ್ತದೆ. ರಾತ್ರಿ ಗುಳಿಗೆ ನುಂಗಿದರೆ ಸೂರ್ಯಾಸ್ತದ ನಂತರದ ತ್ಯಾಗಕ್ಕೆ ಭಂಗ; ಗುಳಿಗೆಯೊಡನೆ ನೀರು ಕುಡಿದರೆ ನಿರ್ಜಲ ಉಪವಾಸಕ್ಕೆ ಭಂಗ. ಹತ್ತು ದಿನಗಳಲ್ಲಿ ಏನಾದೀತು ಎಂದು ಮನೆಯವರು ಸಮಾಧಾನ ತಂದುಕೊಳ್ಳುತ್ತಾರೆ. ಮದ್ದಿಗಿಂತ ವ್ರತ ದೊಡ್ಡದೆಂದು ಹಿರಿಯರೊಬ್ಬರು ಒಪ್ಪಿಗೆಯ ಮುದ್ರೆ ಒತ್ತುತ್ತಾರೆ.

ಹತ್ತು ದಿನಗಳಲ್ಲಿ ಆಗಬಹುದಾದುದು ಬಹಳವಿದೆ. ಉನ್ಮಾದ ಮತ್ತು ಖಿನ್ನತೆ ಸರದಿಯಂತೆ ಬರುವ ಬೈಪೋಲಾರ್ ಕಾಯಿಲೆಗೆ ಬಹುಕಾಲದಿಂದ ಕೊಡುತ್ತಿರುವ ಲಿಥಿಯಂ ಒಂದು ಲವಣ. ದೇಹದಲ್ಲಿ ನೀರು ಅಥವಾ ಉಪ್ಪು ಕಡಿಮೆಯಾದಾಗ ಮೂತ್ರಪಿಂಡಗಳು ಸೋಡಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತವೆ. ಅದರೊಡನೆ ಲಿಥಿಯಂ ಕೂಡ ಉಳಿದು, ರಕ್ತದಲ್ಲಿ ಅದರ ಪ್ರಮಾಣ ವಿಷದ ಮಟ್ಟಕ್ಕೆ ಏರಬಲ್ಲದು. ಆದ್ದರಿಂದ ಗುಳಿಗೆ ಮುಂದುವರಿಸಿ ನಿರ್ಜಲ ಉಪವಾಸ ಮಾಡುವವರಿಗೂ, ರಸಪರಿತ್ಯಾಗವೆಂದು ಉಪ್ಪನ್ನು ಥಟ್ಟನೆ ಬಿಡುವವರಿಗೂ ಅಪಾಯವಿದೆ. ಗುಳಿಗೆಯನ್ನೇ ಒಮ್ಮೆಲೇ ನಿಲ್ಲಿಸಿದವರಿಗೆ ಉನ್ಮಾದ ಮರುಕಳಿಸುವ ಅಪಾಯ. ಖಿನ್ನತೆಯ ಗುಳಿಗೆಗಳನ್ನು ಹಠಾತ್ತಾಗಿ ಬಿಟ್ಟರೆ ತಲೆಸುತ್ತು, ನಿದ್ರಾನಾಶ, ಕಳವಳಗಳು ಕಾಣಿಸಿಕೊಳ್ಳುವುದುಂಟು. ಪರ್ವ ಮುಗಿದು ಕ್ಷಮಾವಣಿಯ ದಿನ ಎಲ್ಲರೂ ಪರಸ್ಪರ ಕ್ಷಮೆ ಕೇಳುವ ಹೊತ್ತಿಗೆ ಆ ಮನೆಯ ಮಗ ಅಥವಾ ಸೊಸೆ ಆಸ್ಪತ್ರೆಯಲ್ಲಿರಬಹುದು.

ಇಷ್ಟಾದರೂ, ಗುಳಿಗೆಯ ಬಗೆಗಿನ ಆ ಮನೆಗಳ ಅಳುಕನ್ನು ಕೇವಲ ಅಜ್ಞಾನವೆಂದು ತಳ್ಳಿಹಾಕಲಾಗದು. ಚಿತ್ತವಿಭ್ರಮೆಗೆ ಕೊಡುವ ಔಷಧಗಳಿಂದ ಮೈತೂಕ ಏರುತ್ತದೆ, ಮಧುಮೇಹದ ಸಾಧ್ಯತೆ ಹೆಚ್ಚುತ್ತದೆ, ಕೈಕಾಲು ನಡುಗುತ್ತದೆ, ಇಪ್ಪತ್ತೈದರ ಯುವಕ ಮಧ್ಯಾಹ್ನದವರೆಗೆ ಏಳಲಾರದೆ ಮಲಗಿರುತ್ತಾನೆ. ನಗರದ ಆಸ್ಪತ್ರೆಗಳಲ್ಲಿ ಹತ್ತು ನಿಮಿಷದ ಭೇಟಿಯಲ್ಲಿ ಚೀಟಿ ನವೀಕರಣವಾಗುತ್ತದೆ. ಉದ್ಯೋಗ, ನಿದ್ರೆ, ದಾಂಪತ್ಯ, ಆಸೆಗಳ ಮಾತನ್ನು ಯಾರೂ ಎತ್ತುವುದಿಲ್ಲ. ಹೀಗಿರುವಾಗ ಔಷಧ ಕಡಿಮೆ ಮಾಡಿ ಮನುಷ್ಯನನ್ನು ಸಮಗ್ರವಾಗಿ ನೋಡುವ ಚಿಕಿತ್ಸೆ ಬೇಕೆನ್ನುವುದು ನ್ಯಾಯವಾದ ಬೇಡಿಕೆ. ಆದರೆ ಆ ಬೇಡಿಕೆಯ ಅರ್ಧವನ್ನು ಮಾತ್ರ ಕೇಳಿಸಿಕೊಳ್ಳಲಾಗುತ್ತಿದೆ. ಗುಳಿಗೆ ಕಡಿಮೆಯಾಗಬೇಕೆಂಬುದು ಎಲ್ಲರಿಗೂ ಕೇಳಿಸುತ್ತದೆ. ಅದರ ಜಾಗದಲ್ಲಿ ಏನು ಹೆಚ್ಚಾಗಬೇಕು, ಅದರ ಖರ್ಚನ್ನು ಯಾರು ಹೊರಬೇಕು ಎಂಬ ಪ್ರಶ್ನೆಯನ್ನು ಯಾರೂ ಎದುರಿಸುವುದಿಲ್ಲ.

ಕಡಿಮೆ ಔಷಧದ ಪ್ರಯೋಗಗಳೆಂದು ಜಗತ್ತಿನಲ್ಲಿ ಹೆಸರಾದವುಗಳನ್ನು ನೋಡಿದರೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಸ್ಕಿಜೋಫ್ರೇನಿಯಾ ಅಧ್ಯಯನ ವಿಭಾಗದ ಮುಖ್ಯಸ್ಥರಾಗಿದ್ದ ಲೊರೆನ್ ಮೋಶರ್ 1971ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ‘ಸೊಟೀರಿಯಾ’ ಎಂಬ ಮನೆಯನ್ನು ತೆರೆದರು. ಅದು ಆಸ್ಪತ್ರೆಯಾಗಿರಲಿಲ್ಲ. ಸಾಧಾರಣ ವಸತಿಯೊಂದರಲ್ಲಿ ಬೆರಳೆಣಿಕೆಯ ರೋಗಿಗಳೊಡನೆ ಸಾಮಾನ್ಯ ಜನರೇ ಸಹಾಯಕರಾಗಿ ವಾಸಿಸುತ್ತ, ಹಗಲಿರುಳು ಅವರ ಪಕ್ಕದಲ್ಲಿರುತ್ತಿದ್ದರು. ಮೊದಲ ಆರು ವಾರಗಳಲ್ಲಿ ಅನಿವಾರ್ಯವಾದ ಹೊರತು ಔಷಧ ಕೊಡುತ್ತಿರಲಿಲ್ಲ. ಹಣದ ಮೂಲ ಬತ್ತಿ 1983ರಲ್ಲಿ ಆ ಯೋಜನೆ ನಿಂತಿತು. ಮರುವರ್ಷ ಸ್ವಿಟ್ಜರ್‌ಲೆಂಡಿನ ಬರ್ನ್ ನಗರದಲ್ಲಿ ಲುಕ್ ಚೊಂಪಿ ಅದೇ ಮಾದರಿಯ ಇನ್ನೊಂದು ಮನೆಯನ್ನು ಆರಂಭಿಸಿದರು. ಫಿನ್‌ಲೆಂಡಿನ ಪಶ್ಚಿಮ ಲ್ಯಾಪ್‌ಲೆಂಡಿನಲ್ಲಿ 1980ರ ದಶಕದಿಂದ ಬೆಳೆದ ‘ಮುಕ್ತ ಸಂವಾದ’ ಪದ್ಧತಿಯಲ್ಲಿ ಕರೆ ಬಂದ 24 ಗಂಟೆಗಳೊಳಗೆ ಚಿಕಿತ್ಸಕರ ತಂಡ ರೋಗಿಯ ಮನೆಯವರೊಡನೆ ಕೂರುತ್ತದೆ. ರೋಗಿಯ ಬೆನ್ನ ಹಿಂದೆ ಯಾವ ನಿರ್ಣಯವೂ ಆಗುವುದಿಲ್ಲ. ಚಿತ್ತವಿಭ್ರಮೆಯ ಔಷಧವನ್ನು ಮೊದಲ ಭೇಟಿಯಲ್ಲಿಯೇ ಆರಂಭಿಸದೆ, ಹಲವು ಸಭೆಗಳಲ್ಲಿ ಚರ್ಚಿಸಿದ ಬಳಿಕ ಬೇಕೋ ಬೇಡವೋ ನಿರ್ಧರಿಸುತ್ತಾರೆ. ಅಲ್ಲಿ ಬಹುಪಾಲು ಜನ ಉದ್ಯೋಗಕ್ಕೆ, ಓದಿಗೆ ಮರಳಿದ ವರದಿಗಳಿವೆ. ಅಧ್ಯಯನಗಳು ಚಿಕ್ಕವು, ಹೋಲಿಕೆಯ ಗುಂಪುಗಳು ದುರ್ಬಲ ಎಂಬ ಆಕ್ಷೇಪವೂ ಇದೆ. ಎರಡೂ ಕಡೆ ಗಮನಿಸಬೇಕಾದುದು ಒಂದೇ. ಅವರು ಔಷಧವನ್ನು ಕಡಿಮೆ ಮಾಡುವುದಕ್ಕೆ ಮೊದಲು ಜನರನ್ನು, ವೇಳೆಯನ್ನು, ವಸತಿಯನ್ನು ಹೆಚ್ಚಿಸಿದರು.

ಔಷಧವನ್ನು ಕ್ರಮವಾಗಿ ಇಳಿಸುವುದರ ಫಲವೇನೆಂಬ ಬಗ್ಗೆ ನಡೆದ ಸಂಶೋಧನೆಗಳು ಒಂದೇ ದಿಕ್ಕನ್ನು ತೋರಿಸುವುದಿಲ್ಲ. ನೆದರ್‌ಲೆಂಡಿನಲ್ಲಿ ಮೊದಲ ಬಾರಿ ಚಿತ್ತವಿಭ್ರಮೆಗೆ ಒಳಗಾಗಿ ಚೇತರಿಸಿಕೊಂಡವರನ್ನು ಏಳು ವರ್ಷ ಅನುಸರಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರಂಭದಲ್ಲಿ ಔಷಧ ಇಳಿಸುವ ಅಥವಾ ನಿಲ್ಲಿಸುವ ಕ್ರಮಕ್ಕೆ ಒಳಪಟ್ಟವರ ಪೈಕಿ ಶೇ. 40ರಷ್ಟು ಜನ ಪೂರ್ಣ ಚೇತರಿಕೆಯ ಮಾನದಂಡವನ್ನು ಮುಟ್ಟಿದ್ದರು. ಔಷಧ ಮುಂದುವರಿಸಿದವರಲ್ಲಿ ಅದು ಶೇ. 18ರ ಆಸುಪಾಸು. ಹಾಂಗ್‌ಕಾಂಗಿನಲ್ಲಿ ಹತ್ತು ವರ್ಷಗಳ ಅನುಸರಣೆ ಇದಕ್ಕೆ ವಿರುದ್ಧವಾದುದನ್ನು ಹೇಳಿತು: ಬೇಗನೆ ಔಷಧ ನಿಲ್ಲಿಸಿದವರಲ್ಲಿ ಶೇ. 39ರಷ್ಟು ಜನರ ಸ್ಥಿತಿ ಕೆಟ್ಟಿತ್ತು, ಮುಂದುವರಿಸಿದವರಲ್ಲಿ ಶೇ. 21. ಇಂಗ್ಲೆಂಡಿನಲ್ಲಿ 253 ಜನರ ಮೇಲೆ ನಡೆದು 2023ರಲ್ಲಿ ಹೊರಬಂದ ‘ರಾಡಾರ್’ ಪ್ರಯೋಗದಲ್ಲಿ, ಎರಡು ವರ್ಷಗಳ ನಂತರ ಎರಡೂ ಗುಂಪುಗಳ ಸಾಮಾಜಿಕ ಬದುಕಿನ ಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಆಸ್ಪತ್ರೆ ಸೇರುವಷ್ಟು ತೀವ್ರವಾದ ಮರುಕಳಿಕೆ ಔಷಧ ಇಳಿಸಿದವರಲ್ಲಿ ಶೇ. 25, ಮುಂದುವರಿಸಿದವರಲ್ಲಿ ಶೇ. 13.

ಅನೇಕಾಂತವನ್ನು ವೇದಿಕೆಯ ಭಾಷಣಕ್ಕಷ್ಟೇ ಮೀಸಲಿಡದ ಸಮಾಜಕ್ಕೆ ಈ ಅಂಕಿಗಳನ್ನು ಒಟ್ಟಿಗೆ ಓದುವುದು ಕಷ್ಟವಾಗಬಾರದು. ಕೆಲವರು ಔಷಧವಿಲ್ಲದೆ ಚೆನ್ನಾಗಿರಬಲ್ಲರು. ಕೆಲವರಿಗೆ ಕಡಿಮೆ ಪ್ರಮಾಣ ಸಾಕು. ಕೆಲವರಿಗೆ ಬಹುಕಾಲ ಬೇಕು. ಯಾರು ಯಾವ ಗುಂಪಿನವರೆಂಬುದನ್ನು ಮೊದಲೇ ಹೇಳಬಲ್ಲ ಪರೀಕ್ಷೆ ಯಾವುದೂ ಇಲ್ಲ. ಆದ್ದರಿಂದ ಇಳಿಕೆ ಎಂಬುದು ವೈದ್ಯರ ಕಣ್ಣಳತೆಯಲ್ಲಿ, ತಿಂಗಳುಗಟ್ಟಲೆ, ಮೆಟ್ಟಿಲು ಮೆಟ್ಟಿಲಾಗಿ, ಮರುಕಳಿಕೆಯ ಮೊದಲ ಗುರುತನ್ನು ಗಮನಿಸುವ ಜನ ಸುತ್ತಲಿರುವಾಗ ಮಾತ್ರ ನಡೆಯಬೇಕಾದ ಕೆಲಸ. ಸಾಧಾರಣ ಮಟ್ಟದ ಖಿನ್ನತೆಯ ಮಾತು ಬೇರೆ. ಇಂಗ್ಲೆಂಡಿನ ರಾಷ್ಟ್ರೀಯ ಮಾರ್ಗಸೂಚಿ ಅಂಥ ಖಿನ್ನತೆಗೆ ರೋಗಿಯೇ ಬಯಸದ ಹೊರತು ಗುಳಿಗೆಯನ್ನು ಮೊದಲ ಚಿಕಿತ್ಸೆಯಾಗಿ ವಾಡಿಕೆಯಂತೆ ಕೊಡಬಾರದೆನ್ನುತ್ತದೆ; ಆಪ್ತಸಮಾಲೋಚನೆ, ವ್ಯಾಯಾಮ, ಗುಂಪು ಚಟುವಟಿಕೆಗಳು ಮೊದಲು ಬರುತ್ತವೆ. ಈ ಭೇದವನ್ನು ಅರಿಯದೆ ಎಲ್ಲ ಮನೋರೋಗಗಳಿಗೂ ಒಂದೇ ಮಾತು ಹೇಳುವವರು, ಅವರು ಮದ್ದಿನ ಪಕ್ಷದವರಿರಲಿ ವ್ರತದ ಪಕ್ಷದವರಿರಲಿ, ಏಕಾಂತವಾದಿಗಳೇ ಸರಿ.

ಮದ್ದಿಲ್ಲದಿರುವುದೇ ಕರುಣೆಯಲ್ಲ ಎಂಬುದಕ್ಕೆ ಈ ದೇಶದಲ್ಲಿ ಘೋರವಾದ ಸಾಕ್ಷಿ ಇದೆ. ತಮಿಳುನಾಡಿನ ಎರವಾಡಿಯಲ್ಲಿ 2001ರ ಆಗಸ್ಟ್ 6ರಂದು, ದೈವಕೃಪೆಯಿಂದ ಗುಣವಾದೀತೆಂದು ಬಂಧುಗಳು ಬಿಟ್ಟುಹೋಗಿದ್ದ ರೋಗಿಗಳಿದ್ದ ಗುಡಿಸಲಿಗೆ ಬೆಂಕಿ ಬಿದ್ದು, ಸರಪಳಿಯಲ್ಲಿ ಬಿಗಿದಿದ್ದ 28 ಜನ ಸತ್ತರು. ಇದಕ್ಕೆ ಎದುರಾದ ಒಳ್ಳೆಯ ಪರಂಪರೆಯೂ ಈ ದೇಶದ್ದೇ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದೊಳಗೆ ಡೇರೆಗಳನ್ನು ಹಾಕಿಸಿ, ರೋಗಿಗಳೊಡನೆ ಅವರ ಮನೆಯವರನ್ನೂ ಉಳಿಸಿಕೊಂಡರು. ಬಳಿಕ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ಅದನ್ನು ತನ್ನ ಚಿಕಿತ್ಸೆಯ ಭಾಗವಾಗಿಸಿಕೊಂಡಿತು. ಕರ್ನಾಟಕದ ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗದಿಂದಲೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯಿದ್ದವರಿಗೆ, ವೈದ್ಯ ಪದವಿಯಿಲ್ಲದ ತರಬೇತಾದ ಸ್ಥಳೀಯ ಸಲಹೆಗಾರರು ಆರರಿಂದ ಎಂಟು ಭೇಟಿಗಳ ಸಮಾಲೋಚನೆ ನೀಡಿದಾಗ, ಮೂರು ತಿಂಗಳಲ್ಲಿ ಶೇ. 64ರಷ್ಟು ಜನರ ಖಿನ್ನತೆ ಇಳಿಯಿತು. ಸಮಾಲೋಚನೆಯಿಲ್ಲದ ಗುಂಪಿನಲ್ಲಿ ಅದು ಶೇ. 39. 2017ರಲ್ಲಿ ಪ್ರಕಟವಾದ ಈ ಫಲಿತಾಂಶ ಒಂದು ಮಾತನ್ನು ಸ್ಪಷ್ಟಪಡಿಸಿತು: ಈ ಕೆಲಸಕ್ಕೆ ಬೇಕಾದುದು ವಿದೇಶದ ಮಹಲಲ್ಲ, ತರಬೇತಿ ಪಡೆದ, ವೇಳೆ ಕೊಡುವ, ಜನರ ಭಾಷೆ ಬಲ್ಲ ಮನುಷ್ಯರು.

ಹಾಗಿದ್ದರೂ ಚಿಕಿತ್ಸೆಯೆಂದರೆ ಗುಳಿಗೆ ಎಂಬಲ್ಲಿಗೇ ವ್ಯವಸ್ಥೆ ಬಂದು ನಿಂತಿರುವುದೇಕೆ? ಹಣ ಹರಿಯುವ ದಾರಿಯನ್ನು ನೋಡಿದರೆ ಉತ್ತರ ಸಿಗುತ್ತದೆ. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಜನ ಯಾವುದಾದರೊಂದು ಮನೋರೋಗದಿಂದ ಬಳಲುತ್ತಿದ್ದರು. ಕೇಂದ್ರದ ಆರೋಗ್ಯ ಬಜೆಟ್ಟಿನಲ್ಲಿ ಮಾನಸಿಕ ಆರೋಗ್ಯದ ನೇರ ಪಾಲು ಶೇ. 2ನ್ನೂ ಮುಟ್ಟುವುದಿಲ್ಲ, ಅದರಲ್ಲೂ ಬಹುಭಾಗ ಒಂದೆರಡು ರಾಷ್ಟ್ರೀಯ ಸಂಸ್ಥೆಗಳಿಗೆ ಹೋಗುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 18ನೆಯ ಕಲಮು ಮಧ್ಯಂತರ ವಸತಿಗೃಹ, ಆಸರೆಯುಳ್ಳ ವಸತಿ, ಸಮುದಾಯದ ನಡುವಿನ ಪುನರ್ವಸತಿಗಳನ್ನು ಸರಕಾರದ ಹೊಣೆಯೆನ್ನುತ್ತದೆ. ಇವು ಇಂದಿಗೂ ಬಹುಮಟ್ಟಿಗೆ ಕಾಗದದ ಮೇಲಿವೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆ ಉಪಯುಕ್ತವಾದುದೇ. ಕರೆ ಮಾಡುವವರು ಭಾಷೆಯನ್ನು ಆರಿಸಿಕೊಳ್ಳಬಹುದು. ಆದರೆ ದೂರವಾಣಿಯ ಸಲಹೆ ಮನೆಯ ಬಾಗಿಲಿಗೆ ಬರುವ ಕಾರ್ಯಕರ್ತನಿಗೆ ಬದಲಿಯಾಗದು.

ವಿಮೆಯ ಕತೆಯೂ ಇದೇ. ದೈಹಿಕ ಕಾಯಿಲೆಗಳಂತೆಯೇ ಮನೋರೋಗಗಳಿಗೂ ವಿಮೆ ಕೊಡಬೇಕೆಂದು ಆ ಕಾಯ್ದೆಯ 21(4)ನೆಯ ಕಲಮು ವಿಧಿಸಿದೆ. ಆದರೆ ಬಹುಪಾಲು ಪಾಲಿಸಿಗಳು ಆಸ್ಪತ್ರೆಯಲ್ಲಿ ದಾಖಲಾದರೆ ಮಾತ್ರ ಹಣ ಕೊಡುತ್ತವೆ. ರೋಗಿ ಹಾಸಿಗೆ ಹಿಡಿದರೆ ವಿಮೆಯಿದೆ. ಹಾಸಿಗೆ ಹಿಡಿಯದಂತೆ ನೋಡಿಕೊಳ್ಳುವ ವಾರವಾರದ ಸಮಾಲೋಚನೆಗೆ ಸ್ವಂತ ಜೇಬು. ಮಹಾನಗರದ ಮಧ್ಯಮ ವರ್ಗದ ಕುಟುಂಬಕ್ಕೆ ತಿಂಗಳ ಗುಳಿಗೆಗಿಂತ ನಾಲ್ಕು ಭೇಟಿಗಳ ಶುಲ್ಕವೇ ಭಾರವಾಗುತ್ತದೆ. ತೆರಿಗೆಯ ಹಳೆಯ ಪದ್ಧತಿಯಲ್ಲಿ ಮನೋರೋಗದಿಂದ ಅಂಗವೈಕಲ್ಯಕ್ಕೆ ಒಳಗಾದ ಅವಲಂಬಿತರ ಪಾಲನೆಗೆ 75,000 ರೂಪಾಯಿ, ತೀವ್ರ ವೈಕಲ್ಯವಿದ್ದರೆ 1,25,000 ರೂಪಾಯಿ ಕಡಿತದ ಅವಕಾಶ 80ಡಿಡಿ ಕಲಮಿನಲ್ಲಿ ದೊರೆಯುತ್ತಿತ್ತು. ಹೊಸ ಪದ್ಧತಿಯಲ್ಲಿ ಅದಕ್ಕೆ ಸ್ಥಳವಿಲ್ಲ. ಅವಕಾಶವಿದ್ದಾಗಲೂ ವೈಕಲ್ಯದ ಪ್ರಮಾಣಪತ್ರ ಮಾಡಿಸಿದರೆ ವಿಷಯ ಬಯಲಾಗಿ, ಮನೆಯ ಇತರ ಮಕ್ಕಳ ಸಂಬಂಧ ಕೂಡಿಬರಲಾರದೆಂಬ ಭಯದಿಂದ ಕೇಳದೆ ಬಿಟ್ಟವರುಂಟು.

ಊರಿನಲ್ಲಿದ್ದಾಗ ಈ ಖರ್ಚಿನ ಒಂದು ಭಾಗವನ್ನು ಕೂಡುಕುಟುಂಬ ಲೆಕ್ಕವಿಲ್ಲದೆ ಹೊರುತ್ತಿತ್ತು. ಕಾರ್ಕಳದ ಅಥವಾ ಬೆಳಗಾವಿ ಕಡೆಯ ದೊಡ್ಡ ಮನೆಯಲ್ಲಿ ಮಂಕಾಗಿ ಕುಳಿತ ಮಗನ ಬಳಿ ಕೂರಲು ಅಜ್ಜಿಯೋ ಚಿಕ್ಕಪ್ಪನೋ ಇರುತ್ತಿದ್ದರು. ತೋಟದಲ್ಲಿ, ಹೊಲದಲ್ಲಿ ಅವನಿಗೆ ಆಗುವಷ್ಟು ಕೆಲಸವಿರುತ್ತಿತ್ತು. ಆ ಬದುಕಿನಲ್ಲಿ ಹೊಡೆತ, ಕೋಣೆಯಲ್ಲಿ ಕೂಡಿಹಾಕುವುದು, ಮಂತ್ರವಾದಿಗಳ ಹಿಂಸೆ ಇದ್ದುದನ್ನು ಮರೆಯಬೇಕಿಲ್ಲ. ಆದರೆ ಮುಂಬಯಿಯ ಒಂದೇ ಮಲಗುಕೋಣೆಯ ಮನೆಯಲ್ಲಿ, ಗಂಡ ಹೆಂಡತಿ ಇಬ್ಬರೂ ಲೋಕಲ್ ಟ್ರೇನು ಹತ್ತಿ ಹೋದ ಮೇಲೆ, ರೋಗಿಯ ಪಾಲಿಗೆ ಉಳಿಯುವುದು ಬೀಗ ಹಾಕಿದ ಬಾಗಿಲು ಮತ್ತು ಗುಳಿಗೆಯ ಡಬ್ಬಿ. ಅಂಥ ಮನೆಗೆ ಹೋಗಿ ಗುಳಿಗೆ ಬಿಡಿರೆಂದು ಉಪದೇಶಿಸುವವರು ಅವರಿಗಿದ್ದ ಒಂದೇ ಆಸರೆಯನ್ನು ಕಿತ್ತುಕೊಂಡಂತಾಗುತ್ತದೆ.

ಈ ಕೊರತೆಯನ್ನು ತುಂಬುವ ಕರ್ತವ್ಯ ಯಾರದೆಂಬುದಕ್ಕೆ ಶ್ರಾವಕಾಚಾರದಲ್ಲಿಯೇ ಉತ್ತರವಿದೆ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ಯವನ್ನು ಗೃಹಸ್ಥನ ಶಿಕ್ಷಾವ್ರತಗಳಲ್ಲಿ ಒಂದಾಗಿ ಹೇಳಿ, ಆಹಾರ, ಔಷಧ, ಉಪಕರಣ, ಆವಾಸ ಎಂಬ ನಾಲ್ಕು ದಾನಗಳನ್ನು ಎಣಿಸಿದ್ದಾರೆ. ಅಲ್ಲಿ ದಾನದ ಮುಖ್ಯ ಪಾತ್ರರು ತ್ಯಾಗಿಗಳು. ಆದರೆ ದುಃಖಿತರಿಗೆ ಕರುಣೆಯಿಂದ ಕೊಡುವ ದಾನವನ್ನೂ ಪರಂಪರೆ ಒಪ್ಪಿದೆ. ಜನಬಳಕೆಯ ಎಣಿಕೆಯಲ್ಲಿ ಆವಾಸದ ಸ್ಥಾನದಲ್ಲಿ ಅಭಯ ಬರುತ್ತದೆ. ಎರಡರ ಆಶಯವೂ ಹತ್ತಿರದ್ದೇ: ಹೆದರದೆ ಇರಲು ಒಂದು ನೆಲೆ. ಸಮಾಜದ ಸಂಸ್ಥೆಗಳು ಔಷಧದಾನವನ್ನು ಚೆನ್ನಾಗಿ ನಡೆಸಿಕೊಂಡು ಬಂದಿವೆ. ಹೃದಯದ ಶಸ್ತ್ರಚಿಕಿತ್ಸೆಗೆ, ಡಯಾಲಿಸಿಸ್‌ಗೆ ಅರ್ಜಿ ಬಂದರೆ ಚೆಕ್ ಹೊರಡುತ್ತದೆ. ಮನೋರೋಗಿಗೆ ಬೇಕಾದ ಆವಾಸದಾನದ ಶಿರೋನಾಮೆ ಅವುಗಳ ಖರ್ಚಿನ ಪಟ್ಟಿಯಲ್ಲಿ ವಿರಳ.

ಕಾನೂನಿನ ತೊಡಕೆಂಬ ನೆಪ ನಿಲ್ಲದು. ಆದಾಯ ತೆರಿಗೆ ಕಾನೂನಿನ ದೃಷ್ಟಿಯಲ್ಲಿ ವೈದ್ಯಕೀಯ ನೆರವು ಧರ್ಮಾರ್ಥ ಉದ್ದೇಶವೇ. ಟ್ರಸ್ಟುಗಳು ವರ್ಷದ ಆದಾಯದ ಶೇ. 85ನ್ನು ಉದ್ದೇಶಕ್ಕೆ ವಿನಿಯೋಗಿಸಬೇಕು. ನಿರ್ದಿಷ್ಟ ಯೋಜನೆಗೆಂದು ನಮೂನೆ ಸಲ್ಲಿಸಿ ಐದು ವರ್ಷಗಳವರೆಗೆ ಹಣ ಕೂಡಿಡಲು ಅವಕಾಶವಿದೆ. ಕೇವಲ ಪೂಜೆ, ಜೀರ್ಣೋದ್ಧಾರಗಳ ಉದ್ದೇಶವುಳ್ಳ ಟ್ರಸ್ಟಿನ ಪತ್ರದಲ್ಲಿ ವೈದ್ಯಕೀಯ ನೆರವು ಸೇರಿಲ್ಲದಿದ್ದರೆ, ಪತ್ರವನ್ನು ವಿಧಿವತ್ತಾಗಿ ತಿದ್ದಿಸಬೇಕು ಅಥವಾ ಬೇರೆ ಟ್ರಸ್ಟು ಮಾಡಬೇಕು. ಒಂದು ಎಚ್ಚರ ಅಗತ್ಯ: ಒಂದೇ ಧರ್ಮದವರ ಲಾಭಕ್ಕೆಂದು ಸ್ಥಾಪಿಸಿದ ಧರ್ಮಾರ್ಥ ಟ್ರಸ್ಟಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಆದ್ದರಿಂದ ಇಂಥ ಸೇವೆಯ ಬಾಗಿಲು ಎಲ್ಲರಿಗೂ ತೆರೆದಿರಬೇಕು. ಧರ್ಮದೃಷ್ಟಿಯಿಂದಲೂ ಅದೇ ಸರಿ.

ಆರಂಭ ಸಣ್ಣದಾಗಿರಬಹುದು. ಒಂದು ನಗರದ ಸಂಘವು ಕನ್ನಡ, ತುಳು, ಮರಾಠಿ ಬಲ್ಲ ಇಬ್ಬರು ತರಬೇತಾದ ಸಮಾಲೋಚಕರನ್ನು ಸಂಬಳಕ್ಕೆ ನೇಮಿಸಿಕೊಳ್ಳಬಹುದು. ಮುಂಬಯಿಯಲ್ಲಿ ಮೂವತ್ತು ವರ್ಷ ಕಳೆದ ತಾಯಿಯೂ ಸಂಕಟವನ್ನು ಹೇಳಿಕೊಳ್ಳುವುದು ತವರಿನ ಭಾಷೆಯಲ್ಲಿಯೇ. ವಾರದ ದಿನಗಳಲ್ಲಿ ಖಾಲಿ ಬಿದ್ದಿರುವ ಸಭಾಭವನದಲ್ಲಿ ಹಗಲು ಕೇಂದ್ರ ನಡೆಸಬಹುದು. ಅಡುಗೆ, ಹೊಲಿಗೆ, ಲೆಕ್ಕ ಬರೆಯುವುದು, ಗ್ರಂಥಗಳನ್ನು ಪಟ್ಟಿ ಮಾಡುವುದು, ಹೀಗೆ ಕೈಗೆ ಕೆಲಸವಿದ್ದರೆ ಮನಸ್ಸಿಗೂ ನಿಲುಗಡೆ ಸಿಗುತ್ತದೆ. ಆರೈಕೆ ಮಾಡುವ ಮನೆಯವರಿಗೆ ತಿಂಗಳಿಗೊಮ್ಮೆ ಸಭೆ ಬೇಕು. ಅವರ ದಣಿವನ್ನು ಕೇಳುವವರು ಇಂದು ಯಾರೂ ಇಲ್ಲ. ಧ್ಯಾನ, ಸ್ವಾಧ್ಯಾಯಗಳಿಗೂ ಇಲ್ಲಿ ಸ್ಥಾನವಿದೆ. ಆದರೆ ತೀವ್ರ ಚಿತ್ತವಿಭ್ರಮೆಯ ಹಂತದಲ್ಲಿ ದಿನವಿಡೀ ನಡೆಯುವ ಮೌನಶಿಬಿರ ಕೆಲವರ ಸ್ಥಿತಿಯನ್ನು ಕೆಡಿಸಬಲ್ಲದಾದ್ದರಿಂದ ಅದನ್ನು ವೈದ್ಯರ ಸಲಹೆಯ ಮೇರೆಗೆ ನಿರ್ಧರಿಸಬೇಕು. 2017ರ ಕಾಯ್ದೆಯ 5ನೆಯ ಕಲಮಿನಂತೆ ತನಗೆ ಯಾವ ಬಗೆಯ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಮುಂಚಿತವಾಗಿ ಬರೆದಿಡುವ ಹಕ್ಕು ಪ್ರತಿಯೊಬ್ಬ ವಯಸ್ಕನಿಗಿದೆ. ಆ ಪತ್ರ ಬರೆಯಲು ನೆರವಾಗುವುದೂ ವೈಯಾವೃತ್ಯವೇ. ಔಷಧ ಕಡಿಮೆ ಬೇಕೆನ್ನುವ ರೋಗಿಯ ಮಾತಿಗೆ ಮನ್ನಣೆ ದೊರೆಯುವ ನ್ಯಾಯವಾದ ದಾರಿ ಅದು.

ಮನೆಯ ಗುಟ್ಟು ಹೊರಗೆ ಬಂದರೆ ಮರ್ಯಾದೆ ಹೋದೀತೆಂದು ಆಕ್ಷೇಪಿಸುವವರು ಉಪಗೂಹನವನ್ನು ಉದಾಹರಿಸುತ್ತಾರೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಅದರ ಬೆನ್ನಿಗೇ ಸ್ಥಿತಿಕರಣ ಮತ್ತು ವಾತ್ಸಲ್ಯಗಳು ಬರುತ್ತವೆ. ಜುಗುಪ್ಸೆ ಪಡದ ನಿರ್ವಿಚಿಕಿತ್ಸೆಯೂ ಮೌಢ್ಯಕ್ಕೆ ಬಲಿಯಾಗದ ಅಮೂಢದೃಷ್ಟಿಯೂ ಅವುಗಳಿಗಿಂತ ಮೊದಲೇ ಇವೆ. ಉಪಗೂಹನ ಮುಚ್ಚಬೇಕೆನ್ನುವುದು ದೋಷವನ್ನು. ರೋಗ ದೋಷವಲ್ಲ, ಅದನ್ನು ಮುಚ್ಚಿಟ್ಟರೆ ರೋಗಿ ಏಕಾಕಿಯಾಗುತ್ತಾನೆ.

ತ್ಯಾಗಿಗಳ ಮಾತಿಗೆ ಈ ವಿಷಯದಲ್ಲಿ ಎಲ್ಲರಿಗಿಂತ ಹೆಚ್ಚು ಬೆಲೆಯಿದೆ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗವನ್ನೂ ತಪಸ್ಸನ್ನೂ ಶಕ್ತಿಗೆ ತಕ್ಕಂತೆ ಎಂದೇ ಹೇಳಲಾಗಿದೆ. ಬಾಹ್ಯ ತಪಸ್ಸು ಅನಶನವೊಂದೇ ಅಲ್ಲ. ಉಪವಾಸ ಸಲ್ಲದವರು ಸ್ವಾಧ್ಯಾಯವನ್ನೋ ಸೇವೆಯನ್ನೋ ಹಿಡಿಯಬಹುದು. ರಸಗಳಲ್ಲಿ ಉಪ್ಪಿನ ಬದಲು ಸಿಹಿಯನ್ನೋ ತುಪ್ಪವನ್ನೋ ಬಿಡಬಹುದು. ರಾತ್ರಿಯ ಗುಳಿಗೆಯ ವೇಳೆಯನ್ನು ಸೂರ್ಯಾಸ್ತಕ್ಕೆ ಮುಂಚೆ ತರಬಹುದೇ ಎಂದು ವೈದ್ಯರನ್ನು ಕೇಳಬಹುದು. ಕೆಲವು ಔಷಧಗಳಲ್ಲಿ ಅದು ಸಾಧ್ಯ. ಪರ್ವಕ್ಕೆ ಒಂದು ತಿಂಗಳ ಮೊದಲು ಈ ಮಾತುಗಳನ್ನು ಮುನಿಗಳೋ ಭಟ್ಟಾರಕರೋ ಪ್ರವಚನದಲ್ಲಿ ಹೇಳಿದರೆ, ನೂರು ಕರಪತ್ರಗಳಿಂದ ಆಗದ ಉಪಕಾರವಾಗುತ್ತದೆ.

ಮುಂದಿನ ದಶಲಕ್ಷಣದ ಸಿದ್ಧತೆಗೆ ಸೇರುವ ಆಡಳಿತ ಮಂಡಳಿಗಳ ಕಾರ್ಯಸೂಚಿಯಲ್ಲಿ ಅಭಿಷೇಕದ ಸವಾಲು, ವಿದ್ವಾಂಸರ ಆಹ್ವಾನ, ಪಾರಣೆಯ ಏರ್ಪಾಡು ಎಂದಿನಂತೆ ಇರುತ್ತವೆ. ಅವುಗಳ ಕೆಳಗೆ ಇನ್ನೊಂದು ಸಾಲನ್ನು ಸೇರಿಸಬೇಕು: ಸಮಾಲೋಚಕರ ಸಂಬಳ ಮತ್ತು ಹಗಲು ಕೇಂದ್ರಕ್ಕೆ ಮೂರು ವರ್ಷಗಳ ನಿಧಿ. ಆ ಸಾಲು ಮಂಜೂರಾದ ಸಂಘದವರು ಮನೋವೈದ್ಯರ ಎದುರು ಕುಳಿತು, ಈ ರೋಗಿಯ ಔಷಧವನ್ನು ನಿಧಾನವಾಗಿ ಇಳಿಸಲು ಸಾಧ್ಯವೇ, ನೋಡಿಕೊಳ್ಳಲು ನಮ್ಮಲ್ಲಿ ಜನರಿದ್ದಾರೆ ಎಂದು ಕೇಳಬಲ್ಲರು. ಅದು ಮಂಜೂರಾಗುವವರೆಗೆ ಗುಳಿಗೆಯ ಡಬ್ಬಿ ಕಪಾಟಿನ ಮುಂಬದಿಯಲ್ಲಿ, ಕೈಗೆ ಸಿಗುವಂತೆಯೇ ಇರಲಿ.